ಮಡಚುವ ಗೋಡೆಯ ಆಚೆ ಅನಿ ನಗರ

ಮೊನ್ನೆ ಬಿರುಗಾಳಿಗೆ ನಮ್ಮ ಬಡಾವಣೆ ನಾರ್ತ್ ಲೇಕ್ಸ್‌ನಲ್ಲಿ ಕರೆಂಟು ಹೋಯಿತು. ಬ್ರಿಸ್ಬೇನಿನ ಬೇಸಿಗೆಯ ಕೊನೆಗೆ ಇದೆಲ್ಲ ಮಾಮೂಲು. ಮಧ್ಯಾಹ್ನದ ಹೊತ್ತಿಗೆ ಆಕಾಶ ಹಸಿರುಗಪ್ಪಾಗುತ್ತದೆ, ಯಾರದೋ ಮನೆಯ ಟ್ರ್ಯಾಂಪೊಲೀನು ಬೇಲಿ ಹಾರಿ ಇನ್ಯಾರದೋ ಹಿತ್ತಲಿಗೆ ಬೀಳುತ್ತದೆ, ಆಮೇಲೆ ಎಲ್ಲರ ಮನೆಯ ಫ್ರೀಜರೂ ನೀರು ಸುರಿಸಲು ಶುರುಮಾಡುತ್ತದೆ. ದಿನವಿಡೀ ಊರವರ ತೋಳಿಗೆ ಸೂಜಿ ಚುಚ್ಚಿ ರಕ್ತ ತೆಗೆಯುವ ಕೆಲಸ ನನ್ನದು. ಸಂಜೆ ಮನೆಗೆ ಬಂದವಳು ಬ್ಯಾಗು ಇಳಿಸುವ ಮೊದಲೇ ಒರೆಸುವ ಬಟ್ಟೆ ಹಿಡಿದು ಅಡುಗೆಮನೆಯ ನೆಲದ ಮೇಲೆ ಕೂತೆ. ಹಳೆಯ ಸಾರು, ಮೆಂತ್ಯದ ಸೊಪ್ಪು, ಯಾವ ಕಾಲದ್ದೋ ಪರೋಟ, ಒಂದೊಂದಾಗಿ ಹೊರಗೆ ತೆಗೆದೆ. ಎಲ್ಲಕ್ಕಿಂತ ತಳದಲ್ಲಿ ಒಂದು ಚೀಲವಿತ್ತು. ಅದರ ಮೈಮೇಲೆ ಬೆಳ್ಳಗೆ ಮಂಜು ಗಟ್ಟಿಯಾಗಿತ್ತು. ಬಾಯಿ ಸ್ವಲ್ಪ ಬಿಚ್ಚಿಕೊಂಡಿತ್ತು. ಮೂಗಿಗೆ ಬಡಿದದ್ದು ದ್ರಾಕ್ಷಿಯ ವಾಸನೆ. ತಾಜಾ ದ್ರಾಕ್ಷಿಯದಲ್ಲ, ಗಡ್ಡೆಕಟ್ಟಿ ಮತ್ತೆ ಕರಗುತ್ತಿರುವ, ಸ್ವಲ್ಪ ಒಗರು, ಸ್ವಲ್ಪ ಹುಳಿ ಬೆರೆತ ವಾಸನೆ.

ಆ ವಾಸನೆಗೆ ನನಗೆ ಗೊತ್ತಿರುವುದು ಒಂದೇ ಜಾಗ. ಪರ್ತ್‌ನ ಸದರ್ನ್ ರಿವರ್ ಎಂಬ ಬಡಾವಣೆಯಲ್ಲಿದ್ದ ಸಮುದಾಯ ಭವನದ ಅಡುಗೆಮನೆ. ಒದ್ದೆ ನೆಲದ ಮೇಲೆ ಹಾಗೇ ಕೂತುಬಿಟ್ಟೆ.

ನಾವು ಪರ್ತ್‌ನಲ್ಲಿದ್ದ ಕೊನೆಯ ವರ್ಷ ಅದು. ಗಂಡ ರವಿ ಉತ್ತರದ ಗಣಿಯೊಂದರಲ್ಲಿ ಎಂಜಿನಿಯರ್. ಎರಡು ವಾರ ಅಲ್ಲಿ, ಒಂದು ವಾರ ಮನೆಯಲ್ಲಿ. ಆ ಒಂದು ವಾರವನ್ನೂ ಮುಕ್ಕಾಲು ಪಾಲು ನಿದ್ದೆ ನುಂಗುತ್ತಿತ್ತು. ನಮ್ಮದು ಹೊಸ ಬಡಾವಣೆ. ಕಪ್ಪು ಮರಳು, ಅದರ ಮೇಲೆ ಹಾಸಿದ ರೆಡಿಮೇಡ್ ಹುಲ್ಲು, ಎಲ್ಲರ ಮನೆಗೂ ಒಂದೇ ಬಣ್ಣದ ಇಟ್ಟಿಗೆ. ಬಡಾವಣೆಯ ಅಂಚಿನಲ್ಲಿ ಆ ಭವನ. ಅಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ನಾನು ಕನ್ನಡ ಪಾಠ ಮಾಡುತ್ತಿದ್ದೆ.

ನಾನೇನು ಟೀಚರ್ ಅಲ್ಲ. ನನ್ನ ಮಗಳು ನಿಧಿ ಐದು ವರ್ಷದವಳಿದ್ದಾಗ ಮೈಸೂರಿನ ಅಜ್ಜಿಗೆ ಫೋನಿನಲ್ಲಿ "ಹಾಯ್ ಅಜ್ಜಿ, ಬೈ ಅಜ್ಜಿ" ಎಂದಷ್ಟೇ ಹೇಳಿ ಓಡಿಹೋಗುತ್ತಿದ್ದಳು. ಅದನ್ನು ನೋಡಲಾರದೆ ಶುರುಮಾಡಿದ್ದು. ಒಬ್ಬಳಿಗೆ ಹೇಳಿಕೊಡುವುದನ್ನು ನಾಲ್ಕು ಜನಕ್ಕೆ ಹೇಳಿಕೊಡೋಣ ಎಂದುಕೊಂಡೆ. ಮೊದಲೆರಡು ವರ್ಷ ಕುರ್ಚಿ ಸಾಲದೆ ಮಕ್ಕಳು ನೆಲದ ಮೇಲೆ ಕೂರುತ್ತಿದ್ದರು. ಅಪ್ಪಂದಿರು ಹೊರಗೆ ಜಗಲಿಯಲ್ಲಿ ನಿಂತು ಕ್ರಿಕೆಟ್ ಮಾತಾಡುತ್ತಿದ್ದರು, ಅಮ್ಮಂದಿರು ಡಬ್ಬಿಗಳಲ್ಲಿ ಚಕ್ಕುಲಿ, ಕೋಡುಬಳೆ ತರುತ್ತಿದ್ದರು. ಯಾರೋ ಬ್ಯಾನರ್ ಬೇರೆ ಮಾಡಿಸಿದರು. ನಾನಂತೂ ನೆಲ ಬಿಟ್ಟು ಒಂದು ಗೇಣು ಮೇಲೆಯೇ ನಡೆಯುತ್ತಿದ್ದೆ.

ಭವನದ ನಡುವೆ ಅಕಾರ್ಡಿಯನ್ ಹಾಗೆ ಮಡಚುವ ಒಂದು ಗೋಡೆಯಿತ್ತು. ಎಳೆದರೆ ಎರಡು ಕೋಣೆ, ಮಡಚಿದರೆ ಒಂದು. ಗೋಡೆ ಎನ್ನುವುದು ಹೆಸರಿಗೆ ಮಾತ್ರ, ಆಚೆಯವರು ಕೆಮ್ಮಿದರೂ ಕೇಳುತ್ತಿತ್ತು. ಆಚೆ ಕೋಣೆಯಲ್ಲಿ ಅದೇ ಹೊತ್ತಿಗೆ ಅರ್ಮೇನಿಯನ್ ಭಾಷೆಯ ಪಾಠ. ನಮ್ಮದು ಅ ಆ ಇ ಈ, ಅವರದು ಅಯ್ಬ್, ಬೆನ್, ಗಿಮ್. ಪಾಠ ಹೇಳುತ್ತಿದ್ದವರು ಸಿರಾನುಶ್ ಎಂಬ ಮುದುಕಿ. ಎಪ್ಪತ್ತು ದಾಟಿದ್ದರೂ ತುಟಿಗೆ ಬಣ್ಣ, ಕುತ್ತಿಗೆಗೆ ಸ್ಕಾರ್ಫು ತಪ್ಪುತ್ತಿರಲಿಲ್ಲ. ತಮ್ಮ ಊರಿನಲ್ಲಿ ಪ್ರೈಮರಿ ಶಾಲೆಯ ಟೀಚರ್ ಆಗಿದ್ದವರು. ಅಲ್ಲಿ ಭೂಕಂಪವಾಗಿ ಮನೆ, ಶಾಲೆ ಎರಡೂ ಬಿದ್ದ ಮೇಲೆ ಮಗಳನ್ನು ಕಟ್ಟಿಕೊಂಡು ಪರ್ತ್‌ನಲ್ಲಿದ್ದ ಅಣ್ಣನ ಹತ್ತಿರ ಬಂದರು. ಮಗಳು ಮದುವೆಯಾಗಿ ಅಡಿಲೇಡ್ ಸೇರಿದಳು, ಅಣ್ಣ ತೀರಿಕೊಂಡ, ಇವರು ಯೂನಿಟ್ಟು ಎನ್ನುವ ಒಂದು ಪುಟ್ಟ ಮನೆಯಲ್ಲಿ ಉಳಿದರು. ಪರ್ತ್‌ನಲ್ಲಿ ಅರ್ಮೇನಿಯನ್ನರೇ ಕಡಿಮೆ. ಅವರ ತರಗತಿಗೆ ಬರುತ್ತಿದ್ದದ್ದು ಬೆರಳೆಣಿಕೆಯ ಮಕ್ಕಳು, ಆ ವರ್ಷದ ಹೊತ್ತಿಗೆ ಅವರಣ್ಣನ ಮೊಮ್ಮಗಳು ಲುಸಿನೆ ಒಬ್ಬಳೇ. ಆದರೂ ಅವರು ಐವತ್ತು ಮಕ್ಕಳಿಗೆ ಕೇಳಿಸುವ ಹಾಗೆ ಪಾಠ ಮಾಡುತ್ತಿದ್ದರು.

ಲುಸಿನೆಗೆ ಅರ್ಮೇನಿಯನ್ ಅಷ್ಟಾಗಿ ತಿಳಿಯದ್ದರಿಂದ ಕಥೆಗಳನ್ನು ಮಾತ್ರ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಆ ಮುರುಕು ಇಂಗ್ಲಿಷನ್ನು ನಾನಿಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪ್ರತಿ ವರ್ಷವೂ ಒಂದೇ ಕಥೆ. ಅನಿ ಎಂಬ ನಗರದ ಕಥೆ.

ಫೆಬ್ರವರಿಯ ಉರಿಬಿಸಿಲಿನಲ್ಲಿ ತರಗತಿ ಶುರುವಾಗುತ್ತಿತ್ತು. ಮೂರು ಗಂಟೆಯ ಮೇಲೆ ಸಮುದ್ರದ ಗಾಳಿ ಬೀಸುವ ತನಕ ತಗಡಿನ ಮಾಡು ಕಾಯುತ್ತಿತ್ತು. ಗೋಡೆಯಾಚೆ ಸಿರಾನುಶ್ ಬೋರ್ಡಿನ ಮೇಲೆ ದೊಡ್ಡದೊಂದು ತ್ರಿಕೋನ ಎಳೆಯುವ ಸದ್ದು ಕೇಳುತ್ತಿತ್ತು. "ಎರಡು ಕಡೆ ಆಳವಾದ ಕಂದರ. ನಡುವೆ ಈ ಬಂಡೆ. ಮೂರನೇ ಕಡೆ ಒಂದು ಗೋಡೆ ಕಟ್ಟಿದ್ರೆ ಸಾಕು, ಯಾರೂ ಒಳಗೆ ಬರೋಕಾಗಲ್ಲ. ಸಾವಿರ ವರ್ಷದ ಹಿಂದೆ ನಮ್ಮ ರಾಜ ಇದನ್ನ ನೋಡ್ದ. ಸಣ್ಣ ಕೋಟೆ, ಮೇಕೆ ಮೇಯೋ ಜಾಗ. ಇದೇ ನನ್ನ ರಾಜಧಾನಿ ಅಂದ." ಆಮೇಲೆ ದಾರಿ ಬಂತಂತೆ. ಪೂರ್ವದಿಂದ ರೇಷ್ಮೆ, ಮೆಣಸು ಹೊತ್ತ ಒಂಟೆಗಳು ಕೆಳಗಿನ ನದಿಯ ಸೇತುವೆ ದಾಟಿ ಪಶ್ಚಿಮಕ್ಕೆ ಹೋಗುತ್ತಿದ್ದವಂತೆ. ದಾರಿ ಬಂದಲ್ಲಿ ಛತ್ರ, ಛತ್ರ ಬಂದಲ್ಲಿ ಅಂಗಡಿ, ಅಂಗಡಿಯವರು ಸಾಹುಕಾರರಾದ ಮೇಲೆ ಒಬ್ಬರ ಮೇಲೊಬ್ಬರು ಪೈಪೋಟಿಯಲ್ಲಿ ಕಟ್ಟಿಸಿದ ಚರ್ಚುಗಳು.

ನನ್ನ ಕಡೆಯ ಕೋಣೆಯಲ್ಲಿ ನಿಧಿ ಗೋಡೆಗೆ ಒರಗಿಯೇ ಕೂರುತ್ತಿದ್ದಳು. ಆಗ ಅವಳಿಗೆ ಹನ್ನೆರಡು. ನಾನು ಒತ್ತಕ್ಷರ ಬರೆಸುತ್ತಿದ್ದರೆ ಅವಳ ಕಿವಿ ಆಚೆಗೆ ಇರುತ್ತಿತ್ತು. ಒಂದು ಸಲ ಬೈದೆ. "ನಿಧಿ, ಪಾಠ ಇಲ್ಲಿ ನಡೀತಿರೋದು!"

"ಹರ್ಸ್ ಈಸ್ ಬೆಟರ್, ಅಮ್ಮ" ಎಂದಳು. ಉಳಿದ ಮಕ್ಕಳು ಕಿಸಕ್ಕೆಂದರು. ನನಗೆ ಮೈಯೆಲ್ಲ ಉರಿಯಿತು. ಯಾರಿಗಾಗಿ ಈ ಅಂಗಡಿ ಇಟ್ಟೆನೋ ಆ ಗಿರಾಕಿಯೇ ಪಕ್ಕದ ಅಂಗಡಿಯಲ್ಲಿ ನಿಂತಿದ್ದಳು.

ಮಾರ್ಚಿನ ಒಂದು ಶನಿವಾರ ಸಿರಾನುಶ್ ಒಂದು ದೊಡ್ಡ ಚೀಲದ ತುಂಬ ದ್ರಾಕ್ಷಿ ತಂದು ಭವನದ ಫ್ರೀಜರಿನಲ್ಲಿಟ್ಟರು. ಅವರ ಯೂನಿಟ್ಟಿನ ಹಿಂದೆ ಒಂದು ಬಳ್ಳಿಯಿತ್ತು, ಅದರದೇ ಹಣ್ಣು. ಅವರ ಫ್ರಿಜ್ಜಿನಲ್ಲಿ ಅಷ್ಟು ಜಾಗವಿರಲಿಲ್ಲ. "ಈಗಲೇ ತಿನ್ನೋದಲ್ವಾ ಆಂಟಿ?" ಎಂದು ಕೇಳಿದೆ. ಅವರು ಅಯ್ಯೋ ಎಂಬಂತೆ ನೋಡಿದರು.

ಅವರಲ್ಲಿ ಹಾಗಿಲ್ಲವಂತೆ. ಆಗಸ್ಟ್ ಮಧ್ಯದಲ್ಲಿ ಮೇರಿಮಾತೆಯ ಹಬ್ಬ. ಅವತ್ತು ಪಾದ್ರಿ ಹೊಸ ದ್ರಾಕ್ಷಿಯನ್ನು ಮಂತ್ರಿಸಿ ಕೊಟ್ಟ ಮೇಲೆಯೇ ವರ್ಷದ ಮೊದಲ ದ್ರಾಕ್ಷಿ ಬಾಯಿಗೆ. ಅವರ ಊರಿನಲ್ಲಿ ಆಗಸ್ಟ್ ಎಂದರೆ ಹಣ್ಣಾಗುವ ಕಾಲ. ಪರ್ತ್‌ನಲ್ಲಿ ಹಣ್ಣಾಗುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಆಗಸ್ಟಿನಲ್ಲಿ ಬಳ್ಳಿ ಒಣ ಕಡ್ಡಿ.

"ಹಂಗಾದ್ರೆ ಹಬ್ಬನೇ ಫೆಬ್ರವರಿಗೆ ಮಾಡ್ಬಹುದಲ್ಲ?"

"ನಿಮ್ಮ ಹೊಸ ವರ್ಷದಲ್ಲಿ ನಿನ್ನ ಮಕ್ಕಳು ವಸಂತ ಬಂತು ಅಂತ ಹಾಡ್ತಾ ಇದ್ವಲ್ಲ, ಹೊರಗೆ ಎಲೆ ಉದುರ್ತಿತ್ತು" ಎಂದರು. "ನೀನು ನಿನ್ನ ಹಬ್ಬ ಬದಲಾಯಿಸು, ಆಮೇಲೆ ನಾನು ಬದಲಾಯಿಸ್ತೀನಿ."

ಹಿಂದಿನ ಯುಗಾದಿಗೆ ಮಾವಿನ ಚಿಗುರು, ಕೋಗಿಲೆ ಎಂದೆಲ್ಲ ಮಕ್ಕಳಿಂದ ಹಾಡಿಸಿದ್ದು ನಾನೇ. ಒಂದು ಮಗುವಿಗೂ ಕೋಗಿಲೆ ಎಂದರೆ ಏನೆಂದು ಗೊತ್ತಿರಲಿಲ್ಲ.

ಚಳಿಗಾಲ ಬಂತು. ಪರ್ತ್‌ನ ಮಳೆ ಸುರಿಯುವುದು ಚಳಿಗಾಲದಲ್ಲೇ, ಅದೂ ಅಡ್ಡಡ್ಡವಾಗಿ. ಆಗಲೇ ಮಕ್ಕಳು ಕಡಿಮೆಯಾಗತೊಡಗಿದ್ದು. ಯಾರೂ ಜಗಳವಾಡಿ ಹೋಗಲಿಲ್ಲ. ಜಗಳವಾಡಿದ್ದರೆ ಸಮಾಧಾನವಾದರೂ ಇರುತ್ತಿತ್ತು. ಶನಿವಾರ ಬೆಳಗ್ಗೆ ಫೋನು ಟಣ್ ಎನ್ನುತ್ತಿತ್ತು: "ಸಾರಿ ಆಂಟಿ, ಈ ವಾರ ಸ್ವಿಮ್ಮಿಂಗ್." "ಮೇಡಮ್, ಟ್ಯೂಷನ್ ಟೈಮ್ ಚೇಂಜ್ ಆಯ್ತು, ನೆಕ್ಸ್ಟ್ ವೀಕ್ ಪಕ್ಕಾ ಬರ್ತಾನೆ." "ಈ ಟರ್ಮ್ ಬಿಟ್ಟು ಮುಂದಿನ ಟರ್ಮ್ ನೋಡೋಣ." ಎಲ್ಲರೂ ಒಳ್ಳೆಯವರೇ, ಎಲ್ಲರ ಕಾರಣವೂ ನಿಜವೇ. ನಾನು ಪ್ರತಿಯೊಂದಕ್ಕೂ ಹೆಬ್ಬೆರಳಿನ ಚಿತ್ರ ಒತ್ತಿ ಕಳಿಸುತ್ತಿದ್ದೆ. ಆಮೇಲೆ ಖಾಲಿ ಕುರ್ಚಿಗಳನ್ನು ಎತ್ತಿ ಒಂದರ ಮೇಲೊಂದು ಜೋಡಿಸುತ್ತಿದ್ದೆ, ಅವು ಕಣ್ಣಿಗೆ ಬೀಳದಿರಲಿ ಎಂದು.

ಗೋಡೆಯಾಚೆ ಮಾತ್ರ ಅನಿ ಏರುತ್ತಲೇ ಇತ್ತು. ಎರಡು ಸುತ್ತಿನ ಕೋಟೆ, ಕೆಂಪು ಕರಿ ಕಲ್ಲುಗಳಲ್ಲಿ ಶಿಲುಬೆಯ ಚಿತ್ತಾರ, ಸಾವಿರದ ಒಂದು ಚರ್ಚುಗಳ ಊರು ಎಂಬ ಹೊಗಳಿಕೆ. ಅಲ್ಲಿನ ದೊಡ್ಡ ಚರ್ಚನ್ನು ಕಟ್ಟಿದ ಶಿಲ್ಪಿ ಎಂಥವನೆಂದರೆ, ಚಕ್ರವರ್ತಿಯ ಊರಾದ ಕಾನ್‌ಸ್ಟಾಂಟಿನೋಪಲ್‌ನ ಮಹಾ ದೇಗುಲದ ಗುಮ್ಮಟ ಭೂಕಂಪಕ್ಕೆ ಬಿರುಕು ಬಿಟ್ಟಾಗ ಅದನ್ನು ರಿಪೇರಿ ಮಾಡಲು ಅವನನ್ನೇ ಕರೆಸಿದರಂತೆ. ಇದನ್ನು ಹೇಳುವಾಗ ಸಿರಾನುಶ್‌ರ ಧ್ವನಿ ಸ್ವಂತ ತಮ್ಮನ ವಿಷಯ ಹೇಳುವಂತಿರುತ್ತಿತ್ತು. ಅಲ್ಲಿಗೆ ನಿಲ್ಲಿಸಿಬಿಡುತ್ತಿದ್ದರು. ಮುಂದಿನ ವಾರ ವ್ಯಾಕರಣ.

ಒಂದು ದಿನ ಚಹಾ ಮಾಡುತ್ತಾ ಕೇಳಿದೆ. "ಆಂಟಿ, ಪ್ರತಿ ವರ್ಷ ಗುಮ್ಮಟದ ಹತ್ರ ನಿಲ್ಲಿಸ್ತೀರಲ್ಲ, ಆಮೇಲೆ ಏನಾಯ್ತು?"

"ಆಮೇಲಿಂದನ್ನ ನಾನು ನೋಡಿದೀನಿ, ಅದಕ್ಕೇ ಹೇಳಲ್ಲ" ಎಂದರು.

ಅವರ ಹಳ್ಳಿ ಇದ್ದದ್ದು ಅನಿಯ ಎದುರಿಗೇ. ಈಚೆ ದಡ ಅವರದು, ಆಚೆ ದಡ ಬೇರೆ ದೇಶ. ನಡುವೆ ನದಿ, ನದಿಗೆ ಮುಳ್ಳುಬೇಲಿ, ಬೇಲಿಗೆ ಕಾವಲು. ಶಾಲೆಯ ಮೇಷ್ಟರು ದಿಬ್ಬ ಹತ್ತಿಸಿ ಮಕ್ಕಳಿಗೆ ಆಚೆಯ ಊರು ತೋರಿಸುತ್ತಿದ್ದರಂತೆ. ಗುಮ್ಮಟವಿಲ್ಲದ ಚರ್ಚು, ಅರ್ಧ ಬಿದ್ದ ಸೇತುವೆಯ ಕಂಬ, ಗೋಡೆಗಳ ನಡುವೆ ಹುಲ್ಲು. ದಿನಾ ಕಾಣುತ್ತಿದ್ದ ಆ ಊರಿಗೆ ಅವರು ಒಮ್ಮೆಯೂ ಕಾಲಿಟ್ಟಿರಲಿಲ್ಲ.

"ನಿಮ್ಮಲ್ಲಿ ಹೀಗೆ ಹಾಳಾದ ರಾಜಧಾನಿ ಇದೆಯಾ?" ಎಂದು ಕೇಳಿದರು. ಮೈಸೂರಿನ ಹತ್ತಿರದ ತಲಕಾಡು ನೆನಪಾಯಿತು. ಶಾಲೆಯಿಂದ ಕರೆದುಕೊಂಡು ಹೋಗಿದ್ದರು. ದೇವಸ್ಥಾನಗಳೆಲ್ಲ ಮರಳಿನಡಿ, ಮೆಟ್ಟಿಲಿಳಿದು ನೋಡಬೇಕು. ಹೇಳಿದೆ.

"ಅಲ್ಲಿ ಈಗ ಜನ ಇದಾರಾ?"

"ಇದಾರೆ. ಪಕ್ಕದಲ್ಲೇ ಊರಿದೆ. ಪೂಜೆನೂ ನಡಿಯತ್ತೆ."

"ಹಾಗಾದ್ರೆ ಅದು ಹಾಳಾಗಿಲ್ಲ" ಎಂದು ಕಪ್ಪು ತೊಳೆಯಲು ಎದ್ದರು.

ಜುಲೈ ತಿಂಗಳಲ್ಲಿ ನಮ್ಮ ಕನ್ನಡದವರೆಲ್ಲ ಸೇರಿ ಆ ಭವನದಲ್ಲೇ ಸತ್ಯನಾರಾಯಣ ಪೂಜೆ ಮಾಡಿಸಿದರು. ಮಿಕ್ಕ ಹಣ್ಣುಗಳನ್ನು ಯಾರೋ ಫ್ರೀಜರಿಗೆ ತುರುಕಿದರು. ತಿಂಗಳ ಕೊನೆಗೆ ಮಳೆ ಬಿಟ್ಟ ಒಂದು ಶನಿವಾರ ಅಲ್ಲೇ ಬಾರ್ಬೆಕ್ಯೂ ಇಟ್ಟುಕೊಂಡರು. ಪಾಠಕ್ಕೆ ಬಾರದವರೂ ಜೋಳ ಸುಡಲು ಬಂದಿದ್ದರು. ಗಿರೀಶ್ ಎಂಬ ಉತ್ಸಾಹಿ ಒಬ್ಬರಿದ್ದರು. ಬ್ಯಾನರ್ ಮಾಡಿಸಿದ್ದೂ ಅವರೇ. ಐಸ್ ತೆಗೆಯಲು ಫ್ರೀಜರ್ ತೆರೆದವರು ಒಂದು ಚೀಲ ಎತ್ತಿಕೊಂಡು ಹೊರಗೆ ಬಂದರು. ಅದರ ಮೇಲೆ ಏನೋ ಬರೆದಿತ್ತು, ಅರ್ಮೇನಿಯನ್ ಅಕ್ಷರದಲ್ಲಿ. ನಮ್ಮವರಿಗೆ ಅದು ಬರೀ ಗೀಚು.

"ಏನ್ರೀ ಇದು, ಪೂಜೆ ಹಣ್ಣನ್ನ ಹಿಂಗೆ ಬಿಟ್ಬಿಡೋದಾ? ಪ್ರಸಾದ ವೇಸ್ಟ್ ಮಾಡ್ಬಾರ್ದು. ತಗೊಳ್ಳಿ, ತಗೊಳ್ಳಿ, ಎಲ್ರೂ ಕೈ ಹಿಡೀರಿ!"

ನಾನು ಒಲೆಯ ಕಡೆಯಿದ್ದೆ. ತಿರುಗಿ ನೋಡುವಷ್ಟರಲ್ಲಿ ಎಲ್ಲರ ಅಂಗೈಯಲ್ಲೂ ನಾಲ್ಕು ನಾಲ್ಕು ದ್ರಾಕ್ಷಿ. ಹಿರಿಯರು, ಕಿರಿಯರು, ಜೀನ್ಸು ತೊಟ್ಟವರು, ಇಕ್ಕಳ ಹಿಡಿದವರು, ಎಲ್ಲರೂ ಚಪ್ಪಲಿ ಬಿಟ್ಟು ನಿಂತು, ಹಣ್ಣನ್ನು ಎರಡು ಕಣ್ಣಿಗೂ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ಮಂಜುಗಡ್ಡೆಯಾದ ದ್ರಾಕ್ಷಿ ಹಲ್ಲಿಗೆ ತಾಗಿ ಉಸ್ ಎಂದರು. ನಡುವೆ ನಿಧಿಯೊಬ್ಬಳು ಕೂಗುತ್ತಿದ್ದಳು. "ಸ್ಟಾಪ್! ಅಮ್ಮಾ, ಟೆಲ್ ದೆಮ್! ದೇ ಕಾಂಟ್ ಈಟ್ ದೆಮ್ ಟಿಲ್ ಆಗಸ್ಟ್!" ಗಿರೀಶ್ "ಏನಮ್ಮಾ, ಪ್ರಸಾದಕ್ಕೂ ಎಕ್ಸ್‌ಪೈರಿ ಡೇಟ್ ಆ?" ಎಂದು ನಕ್ಕರು.

ಬಾಗಿಲಲ್ಲಿ ಸಿರಾನುಶ್ ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಅವರ ಮುಖದ ಮೇಲೆ ಲಿಪ್‌ಸ್ಟಿಕ್ ಒಂದೇ ಬಣ್ಣ ಉಳಿದಿತ್ತು. ಪಾದ್ರಿ ವರ್ಷಕ್ಕೊಮ್ಮೆ ಸಿಡ್ನಿಯಿಂದ ಬರುವುದು, ಇನ್ನೆರಡು ವಾರಕ್ಕೆ. ನಾನು ಓಡಿಹೋಗಿ ಏನೇನೋ ತೊದಲಿದೆ. ಅವರು ನನ್ನ ಮಾತು ಕೇಳಲೇ ಇಲ್ಲ.

"ಕಣ್ಣಿಗೆ ಯಾಕೆ ಒತ್ತಿಕೊಂಡ್ರು?" ಎಂದು ಕೇಳಿದರು.

"ದೇವರದ್ದು ಅಂದ್ಕೊಂಡ್ರು ಆಂಟಿ. ದೇವರ ಹಣ್ಣನ್ನ ನಾವು ಹಾಗೇ ತಿನ್ನಲ್ಲ."

ಅವರು ಒಂದು ಕುರ್ಚಿ ಎಳೆದು ಕೂತು, "ನಮ್ಮವರು ಇಷ್ಟು ಜನ ಒಟ್ಟಿಗೆ ತಿಂದಿದ್ದನ್ನ ನೋಡಿ ಎಷ್ಟು ವರ್ಷ ಆಯ್ತೋ" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ನನ್ನ ಕಣ್ಣು ತುಂಬಿತು.

ನಿಧಿ ಅವರ ಮುಂದೆ ಬಂದು ಮುಷ್ಟಿ ಬಿಚ್ಚಿದಳು. ಅವಳ ಪಾಲಿನದು ಹಾಗೇ ಇತ್ತು. ಲುಸಿನೆಯ ಪಾಲೂ, ನನ್ನ ತರಗತಿಯ ಪುಟ್ಟ ಹುಡುಗಿ ಮೆಲಿಶಾಳದೂ ಅವಳ ಕೈಯಲ್ಲೇ ಇತ್ತು. ತಿನ್ನುವ ಮೊದಲೇ ಕಿತ್ತುಕೊಂಡಿದ್ದಳಂತೆ. ಒಂದು ಹಿಡಿ ದ್ರಾಕ್ಷಿ, ಬೆಚ್ಚಗಿನ ಅಂಗೈಗೆ ಮೆತ್ತಗಾಗಿತ್ತು. ಸಿರಾನುಶ್ ಅದನ್ನು ಹೊಸ ಚೀಲಕ್ಕೆ ಹಾಕಿ, ನೀಲಿ ಮಾರ್ಕರ್ ನಿಧಿಯ ಕೈಗೆ ಕೊಟ್ಟರು. "ನನ್ನ ಅಕ್ಷರ ನಿಮ್ಮವರಿಗೆ ಓದಕ್ಕೆ ಬರಲ್ಲ. ನಿಮ್ಮದ್ರಲ್ಲಿ ಬರಿ. ಮುಟ್ಟಬೇಡಿ ಅಂತ."

ನಾನು ಬರೆಯಲು ಕೈ ಚಾಚಿದೆ. ನಿಧಿ ಕೊಡಲಿಲ್ಲ. ನಾಲಿಗೆ ಕಚ್ಚಿಕೊಂಡು, ಚೀಲವನ್ನು ಮೊಣಕಾಲಿನ ಮೇಲಿಟ್ಟು, ಒಂದೊಂದು ಅಕ್ಷರವನ್ನೂ ಕಟ್ಟಿದಳು. ಒತ್ತಕ್ಷರ ಹಾಕುವಾಗ ಒಮ್ಮೆ ತಲೆಯೆತ್ತಿ ನನ್ನ ಕಡೆ ನೋಡಿದಳು. ನಾನು ಹೂಂ ಎಂದೆ. ನನ್ನ ತರಗತಿಯಲ್ಲಿ ಅಷ್ಟು ವರ್ಷ ಕೂತು ಅವಳು ಮನಸಿಟ್ಟು ಬರೆದ ಕನ್ನಡ ಅದೊಂದೇ. ಆಗಸ್ಟಿನಲ್ಲಿ ಪಾದ್ರಿ ಬಂದು ಆ ಒಂದು ಹಿಡಿಯನ್ನೇ ಮಂತ್ರಿಸಿದರು. ಸಿರಾನುಶ್ ತಮ್ಮ ಪಾಲಿನ ಒಂದು ಹಣ್ಣನ್ನು ಎರಡು ಕಣ್ಣಿಗೂ ಒತ್ತಿಕೊಂಡು ತಿಂದರಂತೆ. ಪಾದ್ರಿ ಇದೇನು ಎಂಬಂತೆ ನೋಡಿದ್ದನ್ನು ನಿಧಿ ಮನೆಗೆ ಬಂದು ನಟಿಸಿ ತೋರಿಸಿದಳು.

ಅದಾದ ಮೇಲೂ ತರಗತಿ ಚಿಗುರಲಿಲ್ಲ. ಹಾಗೆ ಬರೆಯುವಂತಿದ್ದರೆ ಚೆನ್ನಾಗಿತ್ತು. ಸೆಪ್ಟೆಂಬರಿನಲ್ಲಿ ಗಿರೀಶ್ ಅವರ ಮಗ ಕ್ರಿಕೆಟ್ ಅಕಾಡೆಮಿಗೆ ಸೇರಿದ. ಜಕರಾಂಡ ಹೂ ಬಿಡುವ ಹೊತ್ತಿಗೆ ನನ್ನ ಮುಂದೆ ಉಳಿದದ್ದು ಮೆಲಿಶಾ ಒಬ್ಬಳು. ಅವಳಮ್ಮ ಐರಿನ್ ಮಂಗಳೂರಿನವರು, ಮಸ್ಕತ್ತಿನಲ್ಲಿ ಬಹಳ ಕಾಲ ನರ್ಸ್ ಆಗಿದ್ದು ಬಂದವರು. ಅವರ ಮನೆಮಾತು ಕೊಂಕಣಿ. "ನಾನು ಕನ್ನಡ ಮೀಡಿಯಮ್ಮಲ್ಲಿ ಓದಿದ್ದು ಮೇಡಮ್. ಮಗಳಿಗೂ ಸ್ವಲ್ಪ ಬರಲಿ" ಎಂದು ನೈಟ್ ಶಿಫ್ಟ್ ಮುಗಿಸಿ, ನಿದ್ದೆಗಣ್ಣಿನಲ್ಲೇ ಕರೆತಂದು ಕಾರಿನಲ್ಲಿ ಮಲಗುತ್ತಿದ್ದರು. ನಿಧಿಯೂ ಬರುತ್ತಿದ್ದಳು, ಆದರೆ ನನ್ನ ಕೋಣೆಗಲ್ಲ. ಎರಡು ದೊಡ್ಡ ಕೋಣೆ, ಇಬ್ಬರು ಟೀಚರು, ಮೂರು ಮಕ್ಕಳು. ಒಂದು ವಾರ ನಾನೇ ಗೋಡೆಯನ್ನು ಮಡಚಿಬಿಟ್ಟೆ. ಅದನ್ನು ಎಳೆದು ಹಾಕುವಷ್ಟು ತ್ರಾಣ ತೋಳಿನಲ್ಲಿರಲಿಲ್ಲ.

ಡಿಸೆಂಬರಿನ ಕೊನೆಯ ತರಗತಿಯ ದಿನ ನೊಣಗಳ ಕಾಟ. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಸಿರಾನುಶ್ ಬೋರ್ಡಿನ ಮೇಲೆ ಆ ಹಳೆಯ ತ್ರಿಕೋನ ಎಳೆದರು. ಅವತ್ತು ಗುಮ್ಮಟದ ಹತ್ತಿರ ನಿಲ್ಲಿಸಲಿಲ್ಲ.

ನಮ್ಮ ಒಬ್ಬ ರಾಜ ತನ್ನ ನಂತರ ಊರು ಚಕ್ರವರ್ತಿಗೆ ಸೇರಲಿ ಎಂದು ಬರೆದುಕೊಟ್ಟಿದ್ದ, ಎಂದರು. ಕೊನೆಯ ರಾಜನನ್ನು ಮಾತುಕತೆಗೆಂದು ಕಾನ್‌ಸ್ಟಾಂಟಿನೋಪಲ್‌ಗೆ ಕರೆಸಿಕೊಂಡವರು ವಾಪಸು ಕಳಿಸಲಿಲ್ಲ, ಊರು ಚಕ್ರವರ್ತಿಯ ಪಾಲಾಯಿತು. ಇಪ್ಪತ್ತು ವರ್ಷ ಕಳೆಯುವುದರೊಳಗೆ ತುರ್ಕರ ಸುಲ್ತಾನ ಬಂದು ಕೋಟೆ ಒಡೆದ, ಬೀದಿಗಳಲ್ಲಿ ನಡೆಯಲು ಜಾಗವಿಲ್ಲದಂತೆ ಜನರನ್ನು ಕೊಂದ. ಮೆಲಿಶಾ ಬಾಯಿ ಮುಚ್ಚಿಕೊಂಡಳು.

"ಅಷ್ಟಕ್ಕೇ ಮುಗೀತಾ?" ಎಂದೆ ನಾನು.

"ಎಲ್ಲಿ ಮುಗೀತು? ಉಳಿದವರು ವಾಪಸ್ ಬಂದ್ರು. ಅಂಗಡಿ ತೆಗೆದ್ರು. ಆಮೇಲೆ ಜಾರ್ಜಿಯಾದವರ ಕಾಲದಲ್ಲಿ ಮತ್ತೆ ಸಾಹುಕಾರರು, ಮತ್ತೆ ಹೊಸ ಚರ್ಚು. ಆಮೇಲೆ ಮಂಗೋಲರು ಸುಟ್ಟರು. ಮತ್ತೆ ವಾಪಸ್ ಬಂದ್ರು. ಭೂಕಂಪ ಆಯ್ತು, ಗುಮ್ಮಟ ಬಿತ್ತು. ಆಗಲೂ ಎಷ್ಟೋ ಜನ ಇದ್ರು. ಕತ್ತಿಗೆ ಆ ಊರು ಸಾಯಲಿಲ್ಲ."

"ದೆನ್ ವಾಟ್ ಹ್ಯಾಪನ್ಡ್?" ಎಂದಳು ನಿಧಿ.

"ದಾರಿ ಬದಲಾಯ್ತು. ಒಂಟೆಗಳು ಬೇರೆ ಕಡೆಯಿಂದ ಹೋಗೋಕೆ ಶುರು ಮಾಡಿದ್ವು. ಮೊದಲು ಛತ್ರದವನು ಹೋದ, ಛತ್ರ ಇಲ್ಲ ಅಂತ ರೊಟ್ಟಿ ಸುಡೋವನು ಹೋದ, ರೊಟ್ಟಿ ಸಿಗಲ್ಲ ಅಂತ ಪಕ್ಕದ ಮನೆಯವರು ಹೋದ್ರು. ಅಕ್ಕನ ಊರಿಗೆ, ಮಗನ ಊರಿಗೆ. ಯಾರೂ ಅಳ್ತಾ ಹೋಗಲಿಲ್ಲ."

"ಹೂ ವಾಸ್ ದ ಲಾಸ್ಟ್ ಒನ್?" ನಿಧಿ ಬಿಡಲಿಲ್ಲ. "ಡಿಡ್ ದೇ ನೋ? ದಟ್ ದೇ ವರ್ ದ ಲಾಸ್ಟ್?"

ಸಿರಾನುಶ್ ಚಾಕ್‌ಪುಡಿಯ ಕೈಯನ್ನು ಸ್ಕಾರ್ಫಿಗೆ ಒರೆಸಿಕೊಂಡರು. "ಇಲ್ಲ ಮಗು. ಗೊತ್ತಿದ್ದಿದ್ರೆ ಹೋಗ್ತಿರಲಿಲ್ಲ. ಎಲ್ರೂ ಬಾಗಿಲು ಹಾಕ್ಕೊಂಡು, ಚಳಿ ಕಳೀಲಿ, ಬರ್ತೀವಿ ಅಂತಲೇ ಹೋಗಿದ್ದು."

ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಕಾರಿನಲ್ಲಿ ಐರಿನ್ ಬಾಯಿ ತೆರೆದು ನಿದ್ದೆ ಹೋಗಿದ್ದರು.

ಬಾಗಿಲಿಗೆ ಬೀಗ ಹಾಕಿದೆವು. ಮೆಲಿಶಾ ಅವಳಮ್ಮ ಹೇಳಿಕೊಟ್ಟಂತೆ ಕನ್ನಡದಲ್ಲೇ ಕೇಳಿದಳು. "ಮತ್ತೆ ಯಾವಾಗ ಬರುದು ಆಂಟಿ?"

"ಫೆಬ್ರವರಿಲಿ ಪುಟ್ಟಾ. ಸ್ಕೂಲ್ ಶುರುವಾದ ತಕ್ಷಣ."

"ನಾನೂ ಕ್ರಿಸ್‌ಮಸ್ಸಿಗೆ ಮಗಳ ಮನೆಗೆ ಹೋಗಿ ಬಂದ್ಬಿಡ್ತೀನಿ" ಎಂದರು ಸಿರಾನುಶ್. "ಬಳ್ಳಿಗೆ ನೀರು ಹಾಕ್ತಿರು."

ಜನವರಿಯಲ್ಲಿ ರವಿಯ ಗಣಿಯ ಕೆಲಸ ಮುಗಿಯಿತು, ಹೊಸದು ಸಿಕ್ಕಿದ್ದು ಬ್ರಿಸ್ಬೇನಿನಲ್ಲಿ. ಅದೇ ತಿಂಗಳು ಸಿರಾನುಶ್ ಅಡಿಲೇಡಿನ ಮಗಳ ಮನೆಯ ಮೆಟ್ಟಿಲ ಮೇಲೆ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ನಾನು ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದಾಗ ಐ‌ರಿನ್‌ರ ಮೆಸೇಜ್ ಬಂತು: "ಮೇಡಮ್, ಕ್ಲಾಸ್ ಯಾವಾಗಿಂದ?" ಇಷ್ಟು ವರ್ಷ ಬೇರೆಯವರ ಮೆಸೇಜಿಗೆ ಹೆಬ್ಬೆರಳು ಒತ್ತಿದವಳು, ಅವತ್ತು ಏನು ಒತ್ತಬೇಕೆಂದು ತಿಳಿಯದೆ ಫೋನು ಹಿಡಿದುಕೊಂಡೇ ಇದ್ದೆ.

ಆಮೇಲೆ ಒಂದು ಸಲ ಕೆಲಸದ ತರಬೇತಿಗೆಂದು ಅಡಿಲೇಡಿಗೆ ಹೋದಾಗ ಟ್ರಾಮ್ ಹತ್ತಿ ಗ್ಲೆನೆಲ್ಗ್‌ಗೆ ಹೋಗಿ ಅವರನ್ನು ನೋಡಿದೆ. ಗಾಲಿಕುರ್ಚಿಯಲ್ಲಿ ಕೂರಿಸಿ ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ತುದಿಯವರೆಗೆ ತಳ್ಳಿಕೊಂಡು ಹೋದೆ. ಲಿಪ್‌ಸ್ಟಿಕ್ ಮಗಳು ಹಚ್ಚಿದ್ದು, ತುಟಿಯ ಗೆರೆ ದಾಟಿತ್ತು. ಬಹಳ ಹೊತ್ತು ನೀರನ್ನೇ ನೋಡಿದರು. "ಇಲ್ಲಿ ಆಚೆ ದಡ ಇಲ್ಲ" ಎಂದರು. ಆಮೇಲೆ, "ನಿನ್ನ ಶಾಲೆ?"

"ಇಲ್ಲ ಆಂಟಿ. ಬ್ರಿಸ್ಬೇನಲ್ಲಿ ಮತ್ತೆ ಶುರು ಮಾಡೋಕೆ ಆಗಲಿಲ್ಲ. ಸುಸ್ತಾಗಿಬಿಟ್ಟಿದೆ."

ಅವರು ನನ್ನ ಕೈ ಹಿಡಿದುಕೊಂಡರು. ಅದರ ಮುಂದಿನ ಚಳಿಗಾಲದಲ್ಲಿ ತೀರಿಕೊಂಡರೆಂದು ಅವರ ಮಗಳು ತಿಳಿಸಿದಳು. ನಿಧಿಗೆ ಹೇಳಿದೆ. "ಓಹ್" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ನಿಧಿಗೆ ಈಗ ಇಪ್ಪತ್ತು. ಯೂನಿವರ್ಸಿಟಿಯ ಹತ್ತಿರ ಗೆಳತಿಯರ ಜೊತೆ ಮನೆ ಮಾಡಿಕೊಂಡಿದ್ದವಳು ಈ ವರ್ಷ ನಮ್ಮಲ್ಲಿಗೆ ವಾಪಸು ಬಂದಿದ್ದಾಳೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಊಟ ಆಯ್ತಾ ಎಂದರೆ ಯೆಸ್ ಅಮ್ಮ. ನನಗೂ ಅದು ಅಭ್ಯಾಸವಾಗಿ ಹೋಗಿದೆ. ಸೋತದ್ದನ್ನು ದಿನಾ ಎಣಿಸಿಕೊಂಡು ಕೂರಲು ಯಾರಿಗೆ ಪುರುಸೊತ್ತಿದೆ?

ಮೊನ್ನೆ ಕರೆಂಟಿಲ್ಲದ ಅಡುಗೆಮನೆಯ ನೆಲದ ಮೇಲೆ ಕೂತು ಆ ಚೀಲವನ್ನು ಒರೆಸುವ ಬಟ್ಟೆಯಿಂದ ಉಜ್ಜಿದೆ. ಹಣ್ಣು ಕೆಟ್ಟಿದ್ದರೆ ಎಸೆಯೋಣವೆಂದು. ಮಂಜು ಕರಗಿ ಇಳಿಯಿತು. ಅಡಿಯಲ್ಲಿ ನೀಲಿ ಮಾರ್ಕರಿನ ಅಕ್ಷರಗಳು. ಸೊಟ್ಟಗೆ, ದೊಡ್ಡದಾಗಿ, ಒಂದೊಂದನ್ನೂ ಕಟ್ಟಿ ಬರೆದದ್ದು.

ಮುಟ್ಟಬೇಡಿ.

ಪರ್ತ್‌ನ ಆ ಒಂದು ಹಿಡಿ ಅದೇ ಆಗಸ್ಟಿನಲ್ಲಿ ಮುಗಿದಿತ್ತು, ಇದು ಈ ಬೇಸಿಗೆಯ ಹಣ್ಣು, ನಾನಿಟ್ಟದ್ದಲ್ಲ. ಎದ್ದು, ಕಾರು ತೆಗೆದು, ಪೆಟ್ರೋಲ್ ಬಂಕಿಗೆ ಹೋಗಿ ದೊಡ್ಡದೊಂದು ಮೂಟೆ ಐಸ್ ತಂದೆ. ಸಾರು ಚೆಲ್ಲಿದೆ, ಸೊಪ್ಪು ಚೆಲ್ಲಿದೆ, ಪರೋಟ ಕಸಕ್ಕೆ ಹಾಕಿದೆ. ಚೀಲವನ್ನು ತಂಪು ಕಾಯುವ ಎಸ್ಕಿ ಡಬ್ಬಿಯಲ್ಲಿಟ್ಟು ಮೇಲೆ ಕೆಳಗೆ ಐಸ್ ಮುಚ್ಚಿದೆ. ನಿಧಿಗೆ ಫೋನು ಮಾಡಿ, ಕರೆಂಟು ಹೋಗಿ ಫ್ರೀಜರ್ ಕರಗಿತು, ಎಲ್ಲ ಖಾಲಿ ಮಾಡಿದೆ ಎಂದೆ.

ಆ ಕಡೆ ಬಸ್ಸಿನ ಸದ್ದು. ಅದರ ನಡುವೆ ಅವಳ ಗಾಬರಿಯ ದನಿ.

"ಅಯ್ಯೋ, ಅಮ್ಮಾ! ದ್ರಾಕ್ಷಿ ತಿಂದ್ಬಿಟ್ಯಾ?"

ಎಷ್ಟೋ ವರ್ಷಗಳ ಮೇಲೆ ನನ್ನ ಮಗಳು ನನ್ನ ಜೊತೆ ಕನ್ನಡದಲ್ಲಿ ಮಾತಾಡಿದ್ದಳು. ತಾನು ಯಾವ ಭಾಷೆಯಲ್ಲಿ ಕೇಳಿದೆನೆಂದು ಅವಳಿಗೇ ಗೊತ್ತಾಗಿರಲಿಲ್ಲ. ನಾನೂ ಹೇಳಲಿಲ್ಲ.

"ಇಲ್ಲ ಕಣೇ" ಎಂದೆ. "ಇನ್ನೂ ಆಗಸ್ಟ್ ಬಂದಿಲ್ವಲ್ಲ."